ಹೊಗೆ ಒಂದೇ, ಕಾನೂನು ಎರಡು

ಇಂಗ್ಲೆಂಡಿನ ನಗರವೊಂದರಲ್ಲಿ ಅಕ್ಕಪಕ್ಕದ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ಚಳಿ ಕಾಯಿಸಲೆಂದು ಒಳಗಿನ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸುತ್ತಿದ್ದಾರೆ. ಇನ್ನೊಂದರ ಹಿತ್ತಲಲ್ಲಿ ಅದೇ ಸೌದೆಯನ್ನು ರಾಶಿ ಹಾಕಿ ಬೆಂಕಿ ಇಟ್ಟಿದ್ದಾರೆ. ಆ ಬಡಾವಣೆ ‘ಹೊಗೆ ನಿಯಂತ್ರಣ ಪ್ರದೇಶ’ಕ್ಕೆ ಸೇರಿದ್ದರೆ ದಂಡದ ಭಯ ಮೊದಲ ಮನೆಗೆ ಮಾತ್ರ. ಹಿತ್ತಲ ಬೆಂಕಿಯನ್ನು ಆ ನಿಯಮ ಮುಟ್ಟುವುದೇ ಇಲ್ಲ. ಈ ವಿಚಿತ್ರ ಬಂದದ್ದಾದರೂ ಹೇಗೆ?

ಅದಕ್ಕೆ 1952ರ ಡಿಸೆಂಬರಿಗೆ ಹೋಗಬೇಕು. ಆ ತಿಂಗಳ 5ರಿಂದ 9ರವರೆಗೆ ಲಂಡನ್ನಿನಲ್ಲಿ ಗಾಳಿ ಅಲುಗದೆ ಮಂಜು ಕವಿದಿತ್ತು. ಮನೆಮನೆಯ ಕಲ್ಲಿದ್ದಲಿನ ಹೊಗೆ, ಕಾರ್ಖಾನೆ ಹಾಗೂ ವಿದ್ಯುತ್ ಸ್ಥಾವರಗಳ ಹೊಗೆ ಮೇಲೇರಲಾರದೆ ಆ ಮಂಜಿನಲ್ಲೇ ಸಿಕ್ಕಿಕೊಂಡಿತು. ಹಗಲಲ್ಲೇ ದಾರಿ ಕಾಣದೆ ಬಸ್ಸುಗಳು ನಿಂತವು. ಸುಮಾರು 4,000 ಮಂದಿ ಸತ್ತರೆಂಬುದು ಅಂದಿನ ಅಂದಾಜು. ನಂತರದ ಅಧ್ಯಯನಗಳು ಅದನ್ನು 12,000ದವರೆಗೂ ಒಯ್ದಿವೆ. ಸರ್ ಹ್ಯೂ ಬೀವರ್ ನೇತೃತ್ವದ ಸಮಿತಿಯ ವರದಿಯ ನಂತರ, 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಜಾರಿಗೆ ಬಂತು.

ಮನೆಗಳ ಮಟ್ಟಿಗೆ ಕಾಯ್ದೆ ಕಣ್ಣಿಟ್ಟದ್ದು ಹೊಗೆಗೂಡಿನ ಮೇಲೆ. ಸ್ಥಳೀಯ ಸಂಸ್ಥೆ ಘೋಷಿಸಿದ ಪ್ರದೇಶದಲ್ಲಿ ಕಟ್ಟಡದ ಹೊಗೆಗೂಡಿನಿಂದ ಹೊಗೆ ಹೊರಬರಬಾರದು. ಹೊಗೆಯಾಡದ ಇಂಧನವನ್ನೋ ಸರಕಾರದ ಮಾನ್ಯತೆ ಪಡೆದ ಒಲೆಯನ್ನೋ ಬಳಸಬೇಕು. 1993ರ ಕಾಯ್ದೆ ಈ ಚೌಕಟ್ಟನ್ನೇ ಉಳಿಸಿಕೊಂಡಿತು. 2021ರ ಪರಿಸರ ಕಾಯ್ದೆಯಿಂದಾಗಿ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ 175ರಿಂದ 300 ಪೌಂಡುಗಳವರೆಗೆ ದಂಡ ವಿಧಿಸಬಹುದು.

ಹಿತ್ತಲ ಬೆಂಕಿಗೆ ಹೊಗೆಗೂಡು ಇಲ್ಲ. ಆದ್ದರಿಂದ ಅದು ಈ ಲೆಕ್ಕಕ್ಕೆ ಸೇರದು. ಬಯಲಲ್ಲಿ ಮಾಂಸ ಸುಡುವ ಒಲೆಗೂ ಇದೇ ವಿನಾಯಿತಿ. ಆದರೆ ತೋಟದ ಪುಟ್ಟ ಮನೆಯೊಳಗೆ ಒಲೆ ಹೂಡಿ ಅದರ ಹೊಗೆಯನ್ನು ಚಾವಣಿಯ ಹೊಗೆಗೂಡಿನಿಂದ ಬಿಟ್ಟರೆ ಕಾಯ್ದೆ ಎಚ್ಚರಗೊಳ್ಳುತ್ತದೆ.

ಹಾಗೆಂದು ಬಯಲಲ್ಲಿ ಮನಸ್ಸಿಗೆ ಬಂದಂತೆ ಸುಡುವಂತಿಲ್ಲ. ನೆರೆಯವರಿಗೆ ಹೊಗೆಯ ಕಾಟ ಮಿತಿಮೀರಿದರೆ 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆ ನೋಟೀಸು ಕೊಟ್ಟು ನಿಲ್ಲಿಸಬಹುದು. ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ತೊಂದರೆ ಎಂಬುದೇ ಅಲ್ಲಿ ಮುಖ್ಯ. ಹೊಗೆ ರಸ್ತೆಗೆ ಹರಡಿ ವಾಹನಗಳಿಗೆ ಅಪಾಯ ತಂದರೆ 1980ರ ಹೆದ್ದಾರಿ ಕಾಯ್ದೆ ಇದೆ.

ಅಂದರೆ ಹೊಗೆಗೂಡಿನ ಹೊಗೆ ಕಂಡರೆ ಸಾಕು, ತಪ್ಪು. ಬಯಲ ಹೊಗೆಯಾದರೆ ಕಾಟವಾಯಿತೆಂದು ತೋರಿಸಬೇಕು. ಲಂಡನ್ನನ್ನು ಉಸಿರುಗಟ್ಟಿಸಿದ ಕಲ್ಲಿದ್ದಲು ಇಂದು ಅಲ್ಲಿನ ಮನೆಗಳಿಂದ ಬಹುಮಟ್ಟಿಗೆ ಮರೆಯಾಗಿದೆ. ಈಗಿನ ಚಿಂತೆ ಸೌದೆಯ ಹೊಗೆಯಲ್ಲಿರುವ, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳದು. ಉಬ್ಬಸದಿಂದ ಬಳಲುವ ಪಕ್ಕದ ಮನೆಯ ಮಗುವಿಗೆ ಆ ಕಣ ಹೊಗೆಗೂಡಿನಿಂದ ಬಂತೋ ಹಿತ್ತಲಿನಿಂದ ಬಂತೋ, ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಕಾನೂನಿನಲ್ಲಿ ಮಾತ್ರ.