ಗವಿಯೇ ಮನೆಯಾದ ಬಾವಲಿಗಳು

ಮುಸ್ಸಂಜೆಯ ಹೊತ್ತು ಕೃಷ್ಣಾ ನದಿಯ ದಂಡೆಯ ಮೇಲೆ ನಿಂತರೆ ಸರಸರನೆ ಸುಳಿದಾಡುವ ಸಣ್ಣ ಬಾವಲಿಗಳು ಕಣ್ಣಿಗೆ ಬೀಳುತ್ತವೆ. ನೆರೆಹೊರೆಯ ಮರಾಠಿಯಲ್ಲಿ ‘ವಟವಾಘೂಳ’ ಎನ್ನಿಸಿಕೊಳ್ಳುವ ಈ ಜೀವಿಯನ್ನು ಅಪಶಕುನವೆಂದು ಭಾವಿಸುವವರು ಇಂದಿಗೂ ಇದ್ದಾರೆ. ಬಾವಲಿಯು ಹಕ್ಕಿಯಲ್ಲ, ಮರಿಗೆ ಹಾಲೂಡಿಸುವ ಸಸ್ತನಿ. ಸಸ್ತನಿಗಳಲ್ಲಿ ನಿಜವಾಗಿ ಹಾರಬಲ್ಲದ್ದು ಇದೊಂದೇ. ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ನಮ್ಮ ದೇಶದಲ್ಲಿಯೇ ನೂರಕ್ಕೂ ಮಿಕ್ಕಿ ಇವೆ.

ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಆಲ, ಅರಳಿಗಳಂಥ ಮರಗಳಲ್ಲಿ ತೂಗಾಡುತ್ತವೆ. ಹುಳು ತಿನ್ನುವ ಅನೇಕ ಜಾತಿಗಳಿಗಾದರೋ ಗವಿಯೇ ಮನೆ. ಹೊರಗೆ ಬಿಸಿಲಿರಲಿ, ಚಳಿಯಿರಲಿ, ಗವಿಯ ಆಳದಲ್ಲಿ ತಾಪವೂ ತೇವವೂ ಹೆಚ್ಚು ಬದಲಾಗುವುದಿಲ್ಲ. ಎಳೆಯ ಮರಿಗಳಿಗೆ ಇದು ತೊಟ್ಟಿಲಿದ್ದಂತೆ. ನಮ್ಮ ಕಿವಿಗೆ ಕೇಳಿಸದ ಕೂಗನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದಲೇ ಅವು ಕತ್ತಲೆಯಲ್ಲಿ ದಾರಿಯನ್ನೂ ಬೇಟೆಯನ್ನೂ ಅರಿಯುತ್ತವೆ. ಬೆಳಕಿಲ್ಲದ ಗವಿಯಲ್ಲಿ ಗಿಡ ಬೆಳೆಯದು. ಬಾವಲಿಯ ಹಿಕ್ಕೆಯೇ ಅಲ್ಲಿಯ ಕ್ರಿಮಿಕೀಟಗಳಿಗೆ ಆಹಾರ.

ಇಂಥ ಒಂದು ಗವಿ ನಮಗೆ ದೂರವೇನಲ್ಲ. ಮಿರಜಿನಿಂದ ಲೋಂಡಾದ ಕಡೆಗೆ ಹೋಗುವ ರೈಲು ಬೆಳಗಾವಿಯನ್ನು ದಾಟಿ ಖಾನಾಪುರವನ್ನು ತಲುಪುತ್ತದೆ. ಆ ತಾಲೂಕಿನ ಭೀಮಗಡ ಅರಣ್ಯದಲ್ಲಿ, ತಳೇವಾಡಿಯ ಸಮೀಪ, ಬಾರಾಪೇಡೆ ಗವಿಗಳಿವೆ. ಅಲ್ಲಿ ದೊರೆತ ದೊಡ್ಡ ಕಿವಿಗಳ ಒಂದು ಬಾವಲಿಯನ್ನು ಓಲ್ಡ್‌ಫೀಲ್ಡ್ ಥಾಮಸ್ ಎಂಬ ವಿಜ್ಞಾನಿ 1913ರಲ್ಲಿ ಹೊಸ ಜಾತಿಯೆಂದು ವರ್ಣಿಸಿ, ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರನ್ನು ಅದಕ್ಕೆ ಇಟ್ಟನು. ಮುಂದೆ ಎಂಟು ದಶಕಗಳಿಗೂ ಹೆಚ್ಚು ಕಾಲ ಲೋಕಕ್ಕೆ ತಿಳಿದಿದ್ದ ಅದರ ನೆಲೆ ಇದೊಂದೇ. ಆಮೇಲೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಅದು ಕಾಣಿಸಿತು. ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಭೀಮಗಡವೂ 2011ರಲ್ಲಿ ವನ್ಯಜೀವಿ ಧಾಮವಾಯಿತು.

ಎಲ್ಲ ಬಾವಲಿಗಳಿಗೂ ಇಂಥ ಕಾಡಿನ ಕಾವಲಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗಳ ನಡುವಿನ ಗವಿಯೊಂದರಲ್ಲಿ ‘ಕೋಲಾರದ ಎಲೆಮೂಗಿನ ಬಾವಲಿ’ ಉಳಿದುಕೊಂಡಿದೆ. 1994ರಲ್ಲಿ ಹೊಸ ಜಾತಿಯೆಂದು ಗುರುತಿಸಲ್ಪಟ್ಟ ಇದರ ಸಂಖ್ಯೆ ಸಮೀಕ್ಷೆ ನಡೆದಾಗ ಇನ್ನೂರನ್ನೂ ಮುಟ್ಟಲಿಲ್ಲ. ಮೊದಲು ಇದು ವಾಸವಾಗಿದ್ದ ತೇರಹಳ್ಳಿಯ ಗವಿಯಲ್ಲಿ ಈಗ ಕಾಣಸಿಗುವುದಿಲ್ಲ. ಗ್ರಾನೈಟ್ ಕಲ್ಲಿಗಾಗಿ ಬಂಡೆ ಒಡೆಯುವುದೇ ಅದಕ್ಕೆ ಬಂದ ದೊಡ್ಡ ಕುತ್ತು. ಬಂಡೆ ಒಡೆದವರಿಗೆ ಅದು ಬರಿಯ ಕಲ್ಲು. ಬಾವಲಿಗೆ ಅದೇ ಕುಲದ ಕೊನೆಯ ಮನೆ.

ಗವಿವಾಸಿ ಬಾವಲಿಗಳಲ್ಲಿ ಬಹುಪಾಲು ಜಾತಿಗಳು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತವೆ. ಆದುದರಿಂದ ಒಮ್ಮೆ ಕುಗ್ಗಿದ ಸಂಖ್ಯೆ ಬೇಗನೆ ಹೆಚ್ಚದು. ಹೊಗೆ ಹಾಕಿದರೆ, ಪಟಾಕಿ ಸಿಡಿಸಿದರೆ, ಬೆದರಿದ ತಾಯಿಯ ಮೈಯಿಂದ ಮರಿ ಕಳಚಿ ನೆಲಕ್ಕೆ ಬೀಳಬಹುದು.

ದ್ರಾಕ್ಷಿ ತೋಟದವರಿಗೆ ಹಣ್ಣು ತಿನ್ನುವ ಬಾವಲಿಗಳ ಮೇಲೆ ಸಿಟ್ಟಿರುವುದು ಸಹಜ. ಬಲೆ ಹೊದಿಸಿ ಹಣ್ಣನ್ನು ಕಾಯಬಹುದು. ಆದರೆ ಆ ಸಿಟ್ಟಿಗೆ ಗವಿಯ ಬಾವಲಿಗಳು ಗುರಿಯಾಗಬಾರದು. ಅವುಗಳಲ್ಲಿ ಅನೇಕ ಜಾತಿಗಳು ರಾತ್ರಿ ಹಿಡಿಯುವುದು ಹುಳುಗಳನ್ನು.

ಮಕ್ಕಳೇ, ದಂಡೋಬಾ ಗುಡ್ಡದ ಗುಹಾಲಯಕ್ಕೋ ಹಳೆಯ ಕೋಟೆಗೋ ಶಾಲೆಯ ಪ್ರವಾಸ ಹೋದಾಗ ಎಲ್ಲಿಯಾದರೂ ಬಾವಲಿಗಳು ಕಂಡರೆ ಕೂಗಬೇಡಿರಿ, ಕಲ್ಲೆಸೆಯಬೇಡಿರಿ, ಬ್ಯಾಟರಿಯ ಬೆಳಕು ಬಿಡಬೇಡಿರಿ, ಅವುಗಳನ್ನು ಮುಟ್ಟಲೂ ಬೇಡಿರಿ. ದೂರದಿಂದ ನೋಡಿ ಹಿಂದಿರುಗಿರಿ. ಅದು ಅವುಗಳ ಮನೆ; ನಾವು ಅಲ್ಲಿ ಬಂದುಹೋಗುವವರು.