ಹಗುರದ್ದೋ, ಜೋರಿನದ್ದೋ? ಬೂವನಹಳ್ಳಿ ಗೌಡರ ಪೇಚಾಟ

ಬೂವನಹಳ್ಳಿ ಎಂದರೆ ಜಿಲ್ಲೆಯ ಜನಕ್ಕೆ ಮೊದಲು ನೆನಪಾಗುವುದು ವಿಮಾನ ನಿಲ್ದಾಣ. 2007ರ ಶಂಕುಸ್ಥಾಪನೆಯಿಂದ ಇತ್ತ ಆ ಮಾತು ಸವೆದದ್ದು ಸಾಕು, ಬಿಡಿ. ಇವತ್ತಿನ ಮಾತು ಆ ಊರಿನ ಗೌಡರೊಬ್ಬರ ಲ್ಯಾಪ್‌ಟಾಪಿನದು.

ಗೌಡರ ಮಗಳಿಗೆ ಹಾಸನದಲ್ಲೇ ಸಿವಿಲ್ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಶುಂಠಿ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿ ಉಳಿದದ್ದು 60 ಸಾವಿರ. ಅಷ್ಟರಲ್ಲಿ ಲ್ಯಾಪ್‌ಟಾಪ್ ಆಗಬೇಕು, ಅದು ನಾಲ್ಕು ವರ್ಷ ಬಾಳಬೇಕು. ಮಧ್ಯದಲ್ಲಿ ಇನ್ನೊಂದು ಕೊಡಿಸುವ ತ್ರಾಣ ಆ ಮನೆಗೆ ಇಲ್ಲ.

ಮೊನ್ನೆ ಪ್ರಿಂಟರಿನ ಇಂಕು ಕೊಳ್ಳಲು ಹೋದ ನಾವು ಅಂಗಡಿಯಲ್ಲಿ ಕಂಡದ್ದು ಇಷ್ಟು. ಮೇಜಿನ ಮೇಲೆ ಎರಡು ಯಂತ್ರ, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಒಂದು 1.3 ಕೆ.ಜಿ. ತೂಕದ್ದು. ಇನ್ನೊಂದು 2.3 ಕೆ.ಜಿ., ಜೊತೆಗೆ ಇಟ್ಟಿಗೆಯಂಥ ಚಾರ್ಜರ್ ಬೇರೆ. ಗೌಡರು ಎರಡನ್ನೂ ಕೈಯಲ್ಲಿ ತೂಗಿ ನೋಡಿದರು.

"ಒಂದೇ ರೇಟು ಅಂದ್ಮೇಲೆ ತೂಕದ್ದೇ ತಗೊ ಮಗಾ. ಇದು ನೋಡು, ಹಪ್ಪಳ ಇದ್ದಂಗೈತೆ. ನಾಲ್ಕು ವರ್ಷ ತಡೀತದಾ?"

"ಗೌಡ್ರೇ, ದೊಡ್ಡದ್ರಲ್ಲಿ ಗ್ರಾಫಿಕ್ಸ್ ಕಾರ್ಡೂ ಐತೆ. ಏನ್ ಹಾಕಿದ್ರೂ ಎಳೀತದೆ," ಎಂದು ಅಂಗಡಿಯ ಹುಡುಗ ದನಿ ಸೇರಿಸಿದ.

"ಅಪ್ಪಾಜಿ, ಬಸ್ಸಲ್ಲಿ ಹೊತ್ಕೊಂಡು ನಿಲ್ಲೋಳು ನಾನು," ಎಂದಳು ಮಗಳು. ವ್ಯಾಪಾರ ಅಲ್ಲಿಗೇ ನಿಂತಿತು.

ಹುಡುಗಿಯ ಮಾತಿನಲ್ಲಿ ಹುರುಳಿದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿಯಿತು, ಕೂರುವ ಜಾಗ ಹೋಯಿತು. ಕಾಲೇಜು ವೇಳೆಯ ಬಸ್ಸಿನಲ್ಲಿ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟ್ಲಿ ಹೊತ್ತು ಕಂಬಿ ಹಿಡಿದು ನಿಲ್ಲುವವಳ ಬೆನ್ನಿಗೆ ಮತ್ತೆ 3 ಕೆ.ಜಿ. ಎಂದರೆ ಸುಮ್ಮನೆ ಆಯಿತೇ? ಹಿಂದೆ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನ (1960ರಲ್ಲಿ ಶುರುವಾದದ್ದು) ಹುಡುಗರು ಡ್ರಾಫ್ಟರ್, ಟೀ ಸ್ಕ್ವೇರ್ ಹಿಡಿದು ಬಸ್ ಹತ್ತಿ ಪಕ್ಕದವರಿಂದ ಬೈಸಿಕೊಳ್ಳುತ್ತಿದ್ದರು. ಈಗ ಡ್ರಾಯಿಂಗೆಲ್ಲ ಬಹುಪಾಲು ಪರದೆಯ ಮೇಲೆ. ಹೊರೆ ಮಾತ್ರ ತಪ್ಪಲಿಲ್ಲ ನೋಡಿ.

ಇನ್ನೊಂದು ಸಂಗತಿಯನ್ನು ಅಂಗಡಿಯ ಹುಡುಗ ಹೇಳಲಿಲ್ಲ. ಜೋರಿನ ಯಂತ್ರದ ಜೋರೆಲ್ಲ ಚಾರ್ಜರ್ ಸಿಕ್ಕಿಸಿದಾಗ. ಬರೀ ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದಷ್ಟು ವಿದ್ಯುತ್ ಸಿಗುವುದಿಲ್ಲ, ವೇಗ ಇಳಿಯುತ್ತದೆ, ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಹಗುರದ್ದಕ್ಕೆ ಸಾಮಾನ್ಯವಾಗಿ 65 ವಾಟ್ ಚಾರ್ಜರ್ ಸಾಕು. ದೊಡ್ಡದಕ್ಕೆ 150 ವಾಟ್, 200 ವಾಟ್ ಬೇಕು. ಮುಂಗಾರಿನ ಗಾಳಿಗೆ ಕರೆಂಟು ಹೋದ ರಾತ್ರಿ ಮನೆಯ ಯುಪಿಎಸ್ ಮೇಲೆ ಯಾವುದು ಹೆಚ್ಚು ಹೊತ್ತು ನಡೆದೀತು, ನೀವೇ ಲೆಕ್ಕ ಹಾಕಿ.

ಹಾಗಾದರೆ ದೊಡ್ಡದು ಯಾರಿಗೂ ಬೇಡವೇ? ಹಾಗೆ ಹೇಳಿದರೆ ತಪ್ಪಾದೀತು. ಆರ್ಕಿಟೆಕ್ಚರ್ ಓದುವವರು, ಆನಿಮೇಶನ್ ಮಾಡುವವರು, ಮೆಕ್ಯಾನಿಕಲ್‌ನಲ್ಲಿ ನೂರಾರು ಬಿಡಿಭಾಗ ಜೋಡಿಸಿದ ಮಾದರಿ ತಿರುಗಿಸಿ ನೋಡುವವರು ಹಗುರದ್ದನ್ನು ಕೊಂಡು ಪರದಾಡಿಯಾರು. ಹಾಸ್ಟೆಲ್ಲಿನಲ್ಲಿ ಒಂದೇ ಮೇಜಿನ ಮೇಲೆ ಇಟ್ಟುಕೊಳ್ಳುವವರಿಗೆ ತೂಕದ ಗೊಡವೆಯೂ ಇಲ್ಲ. ಆದರೆ ಕೃತಕ ಬುದ್ಧಿಮತ್ತೆ ಓದುತ್ತೇವೆ, ಆಟದ ಲ್ಯಾಪ್‌ಟಾಪೇ ಬೇಕು ಎಂದು ಅಪ್ಪನ ಪ್ರಾಣ ಹಿಂಡುವ ಹುಡುಗರ ಮಾತನ್ನು ಅರ್ಧ ನಂಬಿ. ಕಲಿಕೆಯ ಮಟ್ಟದ ಕೆಲಸಕ್ಕೆ ಗೂಗಲ್ ಕೊಲ್ಯಾಬ್‌ನಂಥದ್ದು ಬ್ರೌಸರಿನಲ್ಲೇ ಪುಕ್ಕಟೆ ಸಿಗುತ್ತದೆ. ಲೆಕ್ಕವೆಲ್ಲ ಗೂಗಲ್‌ನವರ ಯಂತ್ರದಲ್ಲಿ ನಡೆಯುತ್ತದೆ. ಇಂಟರ್‌ನೆಟ್ ಇರಬೇಕು, ಅಷ್ಟೆ.

ಗೌಡರ ಮಗಳದು ಸಿವಿಲ್. ಆಟೋಕ್ಯಾಡ್‌ನಲ್ಲಿ ನಕ್ಷೆ ಎಳೆಯುವುದಕ್ಕೆ ಹಗುರದ್ದೇ ಧಾರಾಳ. ಆ ತಂತ್ರಾಂಶವನ್ನು ಕಂಪನಿಯವರು ವಿದ್ಯಾರ್ಥಿಗಳಿಗೆ ಒಂದೊಂದು ವರ್ಷದ ಮಟ್ಟಿಗೆ ಉಚಿತವಾಗಿಯೇ ಕೊಡುತ್ತಾರೆ. ದುಡ್ಡು ತೆತ್ತು ಮೋಸ ಹೋಗಬೇಡಿ. ಮುಂದೆ ಭಾರದ ಕೆಲಸ ಬಂದರೆ ಕಾಲೇಜಿನ ಲ್ಯಾಬಿನಲ್ಲಿ ಕೂತು ಮಾಡಬಹುದು.

ಆದರೂ ಗೌಡರ ಹಪ್ಪಳದ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತೆಳ್ಳನೆಯ ಯಂತ್ರಗಳು ಎಷ್ಟೋ ಕಡೆ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿಸಿಕೊಂಡು ಬರುತ್ತವೆ. ಕೊಳ್ಳುವಾಗ 8 ಜಿ.ಬಿ. ಇದ್ದರೆ ಕೊನೆಯವರೆಗೂ 8 ಜಿ.ಬಿ.ಯೇ. ದೊಡ್ಡದರಲ್ಲಾದರೆ ಸಾಮಾನ್ಯವಾಗಿ ಬಿಚ್ಚಿ ಇನ್ನಷ್ಟು ಸೇರಿಸಬಹುದು. ಅಂಗಡಿಯ ಮೇಜಿನ ಮೇಲಿದ್ದ ಹಗುರದ್ದು 8 ಜಿ.ಬಿ.ಯದು. ನಾಲ್ಕು ವರ್ಷ ಬಾಳಬೇಕೆಂದರೆ 16 ಇರಲೇಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ತೂಕ ಕೇಳುವ ಮುಂಚೆ ಕೇಳಬೇಕಾದ ಪ್ರಶ್ನೆ ಅದು. ಅಪ್ಪನೂ ಕೇಳಲಿಲ್ಲ, ಮಗಳೂ ಕೇಳಲಿಲ್ಲ.

ಸುಮ್ಮನಿರಲಾರದೆ ನಾವೇ ಬಾಯಿ ಹಾಕಿದೆವು. ಹುಡುಗ ಕಂಪ್ಯೂಟರ್ ನೋಡಿ, 16ರದ್ದು ತರಿಸಬಹುದು, ಆರು ಸಾವಿರ ಹೆಚ್ಚಾಗುತ್ತದೆ ಎಂದ. ಗೌಡರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಡೈರಿ ಬಟವಾಡೆ ಆಗ್ಲಿ ತಡಿ ಮಗಾ. ಆಮೇಲ್ ಬಂದ್ ನೋಡಾನ."

ಮಗಳು ಆ ಹಗುರದ್ದರ ಮಾಡೆಲ್ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಅಪ್ಪನ ಹಿಂದೆ ಹೊರಟಳು.