ಇಷ್ಟಕಾಚ್ಛೇದನ: ಇಟ್ಟಿಗೆಯನ್ನು ಅಳತೆಗೆ ಕೊಯ್ಯುವ ಕಾಯಕ

ಶಬ್ದವೂ ಪರಂಪರೆಯೂ

'ಇಟ್ಟಿಗೆ' ಎಂಬುದು ಸಂಸ್ಕೃತದ 'ಇಷ್ಟಕಾ' ಶಬ್ದದ ತದ್ಭವವೆಂಬುದು ಭಾಷಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಪದವು ಹಳೆಯದು, ಪದಾರ್ಥವು ಅದಕ್ಕಿಂತಲೂ ಹಳೆಯದು. ಹರಪ್ಪಾ, ಮೊಹೆಂಜೊದಾರೊ ಮೊದಲಾದ ನಗರಗಳಲ್ಲಿ ದೊರೆತ ಇಟ್ಟಿಗೆಗಳ ದಪ್ಪ, ಅಗಲ, ಉದ್ದಗಳು 1:2:4ರ ಪ್ರಮಾಣದಲ್ಲಿರುವುದನ್ನು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಇಟ್ಟಿಗೆಯು ಬರಿಯ ಮಣ್ಣಿನ ಹೆಂಟೆಯಾಗಿರದೆ ಲೆಕ್ಕಕ್ಕೆ ಒಳಪಟ್ಟ ವಸ್ತುವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ.

ವೈದಿಕ ಸಾಹಿತ್ಯದ ಶುಲ್ಬಸೂತ್ರಗಳಲ್ಲಿ ಈ ಲೆಕ್ಕವು ಶಾಸ್ತ್ರವೇ ಆಗಿ ಪರಿಣಮಿಸಿತು. ಹದ್ದಿನ ಆಕಾರದ ಶ್ಯೇನಚಿತಿಯನ್ನು ಐದು ವರಸೆಗಳಲ್ಲಿ, ವರಸೆಯೊಂದಕ್ಕೆ 200ರಂತೆ ಒಟ್ಟು 1000 ಇಟ್ಟಿಗೆಗಳಿಂದ ಕಟ್ಟಬೇಕೆಂಬುದು ಅಲ್ಲಿನ ವಿಧಿ. ಪೂರ್ಣ ಇಟ್ಟಿಗೆಗಳಿಂದ ಮಾತ್ರವೇ ಹಕ್ಕಿಯ ರೆಕ್ಕೆ, ಕೊಕ್ಕು, ಬಾಲಗಳು ಮೂಡಲಾರವು. ಆದುದರಿಂದ ಅರ್ಧ್ಯಾ, ಪಾದ್ಯಾ, ಹಂಸಮುಖೀ ಮುಂತಾದ ಹೆಸರುಗಳಿಂದ ಅರ್ಧದವು, ಕಾಲುಭಾಗದವು, ಹಂಸದ ಮೊಗದಂಥವು ಎಂಬ ಭೇದಗಳು ಹುಟ್ಟಿದವು. ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಸಂದು ಬರಕೂಡದೆಂಬ ನಿಯಮವೂ ಅಲ್ಲಿಯೇ ಇದೆ. ಇಂದಿನ ಗಾರೆಯ ಮೇಸ್ತ್ರಿಯು ಶುಲ್ಬಸೂತ್ರದ ಹೆಸರನ್ನು ಕೇಳದಿದ್ದರೂ, ಗೋಡೆ ಕಟ್ಟುವಾಗ ಇದೇ ನಿಯಮವನ್ನು ಪಾಲಿಸುತ್ತಾನೆ.

ಕೊಯ್ಯುವ ಅಗತ್ಯವೇಕೆ?

ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬಾರದಿರಬೇಕಾದರೆ ಗೋಡೆಯ ತುದಿಯಲ್ಲಿ ಎಲ್ಲಿಯೋ ಒಂದು ತುಂಡು ಇಟ್ಟಿಗೆ ಬೇಕೇ ಬೇಕು. ಬಾಗಿಲು ಕಿಟಕಿಗಳ ಬದಿಗಳಲ್ಲಿ, ಮೂಲೆಗಳಲ್ಲಿ, ಅಂಗಳದ ಹಾಸಿನ ಅಂಚಿನಲ್ಲಿ ಅರ್ಧ, ಮುಕ್ಕಾಲು, ಸೀಳು ಇಟ್ಟಿಗೆಗಳ ಅವಶ್ಯಕತೆಯು ಅನಿವಾರ್ಯ. ಭಾರತೀಯ ಮಾನಕವು ಸೂಚಿಸಿರುವ 190×90×90 ಮಿಲಿಮೀಟರ್ ಅಳತೆಯ ಹಿಂದೆ ಇರುವ ಯುಕ್ತಿಯೂ ಇದೇ. ಸಂದಿನ ಗಾರೆಗೆ 10 ಮಿಲಿಮೀಟರ್ ಬಿಟ್ಟರೆ, 90 ಮಿಲಿಮೀಟರಿನ ಎರಡು ಅರ್ಧಗಳೂ ನಡುವಣ ಸಂದೂ ಸೇರಿ ಸರಿಯಾಗಿ 190 ಆಗುತ್ತದೆ. ಅಗಲವನ್ನು ಸೀಳುವಾಗಲೂ ಹೀಗೆಯೇ. 40 ಮಿಲಿಮೀಟರಿನ ಎರಡು ಸೀಳುಗಳೂ ಒಂದು ಸಂದೂ ಸೇರಿ 90. 'ಅರ್ಧ' ಎಂದೊಡನೆ 190ರಲ್ಲಿ 95 ಎಂದು ಗೆರೆ ಎಳೆಯುವವನು ಸಂದನ್ನು ಮರೆತವನು. ಪ್ರತಿ ವರಸೆಯಲ್ಲಿಯೂ ಐದೈದು ಮಿಲಿಮೀಟರ್ ತಪ್ಪಿದರೆ, ಹತ್ತು ವರಸೆ ಏರುವಷ್ಟರಲ್ಲಿ ಸಂದುಗಳು ಓರಣಗೆಟ್ಟು, ಗೋಡೆಯ ಮೈ ಹಲ್ಲುಬಿಟ್ಟಂತೆ ಕಾಣುತ್ತದೆ.

ಪೂರ್ವದಲ್ಲಿ ಮೇಸ್ತ್ರಿಗಳು ಕರಣೆಯ ಅಂಚಿನಿಂದಲೋ, ಉಳಿ ಸುತ್ತಿಗೆಗಳಿಂದಲೋ ಇಟ್ಟಿಗೆಯನ್ನು ಮುರಿಯುತ್ತಿದ್ದರು, ಈಗಲೂ ಮುರಿಯುತ್ತಾರೆ. ಪಳಗಿದ ಕೈಗೆ ಅದು ಕ್ಷಣಮಾತ್ರದ ಕೆಲಸ. ಆದರೆ ಸುಟ್ಟ ಮಣ್ಣು ಭಾರವನ್ನು ಹೊರುವುದರಲ್ಲಿ ಎಷ್ಟು ಗಟ್ಟಿಯೋ, ಎಳೆತವನ್ನು ತಾಳುವುದರಲ್ಲಿ ಅಷ್ಟೇ ದುರ್ಬಲ. ಒಳಗೆ ಒಂದು ಹರಳಿದ್ದರೆ, ಕಣ್ಣಿಗೆ ಕಾಣದ ಬಿರುಕಿದ್ದರೆ, ಪೆಟ್ಟಿನ ಸೀಳು ಗೆರೆಯನ್ನು ಬಿಟ್ಟು ಆ ಕಡೆಗೆ ಓಡುತ್ತದೆ. ಗಿಲಾವು ಮಾಡುವ ಗೋಡೆಯಲ್ಲಿ ಈ ದೋಷವು ಮರೆಯಾಗುತ್ತದೆ. ಗಿಲಾವಿಲ್ಲದ ಗೋಡೆಯಲ್ಲಿಯೂ ಅಂಗಳದ ಹಾಸಿನಲ್ಲಿಯೂ ಎದ್ದು ಕಾಣುತ್ತದೆ. ವಿದ್ಯುದ್ಯಂತ್ರದ ಪ್ರಯೋಜನವು ಇಲ್ಲಿಯೇ.

ಯಂತ್ರದ ಮರ್ಮ

ಮನೆಯ ಮಟ್ಟದ ಕೆಲಸಕ್ಕೆ ಪೇಟೆಯಲ್ಲಿ ಸುಲಭವಾಗಿ ದೊರೆಯುವ ಯಂತ್ರಗಳು ಎರಡು: ಆಂಗಲ್ ಗ್ರೈಂಡರ್ ಮತ್ತು ಮಾರ್ಬಲ್ ಕಟರ್. ಮೊದಲನೆಯದು ಉಜ್ಜುವುದಕ್ಕೂ ಕೊಯ್ಯುವುದಕ್ಕೂ ಒದಗುವಂಥದು. ಎರಡನೆಯದಕ್ಕೆ ಚಪ್ಪಟೆಯಾದ ಪೀಠವಿರುವುದರಿಂದ ಅದು ಇಟ್ಟಿಗೆಯ ಮೈಮೇಲೆ ಕೂತು ನೆಟ್ಟಗೆ ಸಾಗುತ್ತದೆ; ನೇರಗೆರೆಯ ಕೆಲಸಕ್ಕೆ ಇದೇ ಉತ್ತಮ.

ಇವುಗಳಿಗೆ ತೊಡಿಸುವ ವಜ್ರದ ಬ್ಲೇಡಿಗೆ ಗರಗಸದಂತೆ ಹಲ್ಲುಗಳಿಲ್ಲ. ಅದು ಕತ್ತರಿಸುವುದಿಲ್ಲ, ತೇಯುತ್ತದೆ. ಅದರ ಅಂಚಿನ ಲೋಹದಲ್ಲಿ ವಜ್ರದ ಸಣ್ಣ ಹರಳುಗಳು ಹುದುಗಿರುತ್ತವೆ. ಒಂದು ಹರಳು ಸವೆದು ಉದುರಿದಾಗ, ಸುತ್ತಣ ಲೋಹವೂ ಸವೆದು ಒಳಗಿನ ಹೊಸ ಹರಳು ತಲೆಯೆತ್ತುತ್ತದೆ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೃತಕ ವಜ್ರವು ಸಿದ್ಧಿಸಿದ ಬಳಿಕವೇ, ರಾಜಮುಕುಟಗಳಿಗೆ ಮೀಸಲಾಗಿದ್ದ ಈ ವಸ್ತುವು ಗಾರೆ ಕೆಲಸದವನ ಕೈಗೂ ಎಟಕುವಂತಾಯಿತು. ಅಂಚಿನಲ್ಲಿ ಅಲ್ಲಲ್ಲಿ ಸೀಳುಗಳಿರುವ ಬ್ಲೇಡು ಇಟ್ಟಿಗೆಗೆ ತಕ್ಕುದು. ಆ ಸೀಳುಗಳು ಶಾಖವನ್ನು ತಗ್ಗಿಸಿ ಪುಡಿಯನ್ನು ಹೊರಹಾಕುತ್ತವೆ. ಸೀಳಿಲ್ಲದ ಅಖಂಡ ಅಂಚಿನದು ನೀರು ಹಾಯಿಸಿ ಟೈಲ್ಸ್ ಕೊಯ್ಯುವುದಕ್ಕೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಆಂಗಲ್ ಗ್ರೈಂಡರಿಗೆ ಎಂದಿಗೂ ತೊಡಿಸಬಾರದು.

ಇದರ ವೇಗವು ಎಷ್ಟೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. 110 ಮಿಲಿಮೀಟರ್ ವ್ಯಾಸದ ಬ್ಲೇಡು ನಿಮಿಷಕ್ಕೆ 12,000 ಸುತ್ತು ತಿರುಗುವುದೆಂದಾದರೆ, ಅದರ ಅಂಚು ಸೆಕೆಂಡಿಗೆ ಸುಮಾರು 69 ಮೀಟರ್, ಎಂದರೆ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬ್ಲೇಡಿನ ಮೇಲೆ ಮುದ್ರಿತವಾದ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಮೆಯಿರಬಾರದೆಂಬ ನಿಯಮದ ಮಹತ್ತ್ವವು ಇದರಿಂದ ಸ್ಪಷ್ಟವಾಗುತ್ತದೆ. ಬ್ಲೇಡಿಗೆ ಹೊದಿಸಿದ ರಕ್ಷಾಕವಚವನ್ನು, ಕೆಲಸಕ್ಕೆ ಅಡ್ಡವಾಗುತ್ತದೆಂದು ಕಳಚಿಡುವ ರೂಢಿಯು ಅಲ್ಲಲ್ಲಿ ಉಂಟು. ಅದು ಆತ್ಮಘಾತುಕವಾದ ರೂಢಿ.

ಕೊಯ್ಯುವ ಕ್ರಮ

ಮೊದಲನೆಯದು ಆಯ್ಕೆ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಕಿಸಿದಾಗ ಲೋಹದಂತೆ ಖಣಿಲೆಂದರೆ ಅದು ಚೆನ್ನಾಗಿ ಬೆಂದದ್ದು. ಮಂಕಾದ ಸದ್ದು ಬಂದರೆ ಒಳಗೆ ಬಿರುಕಿದೆ ಅಥವಾ ಬೇಯುವಿಕೆ ಸಾಲದು. ಅಂಥದನ್ನು ಕೊಯ್ಯಲು ತೊಡಗಬಾರದು.

ಎರಡನೆಯದು ಗೆರೆ. ತುಂಬಬೇಕಾದ ಜಾಗವನ್ನು ಅಳೆದು, ಎರಡು ಬದಿಯ ಸಂದುಗಳನ್ನು ಕಳೆದು, ಉಳಿದ ಅಳತೆಯನ್ನು ಇಟ್ಟಿಗೆಗೆ ಹಾಕಬೇಕು. ಮೂಲೆಮಟ್ಟವನ್ನು ಹಿಡಿದು ಒಂದು ಮುಖದಲ್ಲಿ ಮಾತ್ರವಲ್ಲದೆ ಸುತ್ತಲಿನ ನಾಲ್ಕು ಮುಖಗಳಲ್ಲಿಯೂ ಗೆರೆಯನ್ನೆಳೆಯಬೇಕು. ನಾಲ್ಕನೆಯ ಗೆರೆಯು ಬಂದು ಮೊದಲನೆಯದನ್ನು ಕೂಡಿಕೊಂಡರೆ ಗೆರೆ ಸಮವಾಗಿದೆ. ಕೂಡದಿದ್ದರೆ ಮೂಲೆಮಟ್ಟ ತಪ್ಪಿದೆ ಅಥವಾ ಇಟ್ಟಿಗೆಯೇ ಸೊಟ್ಟಗಿದೆ. ಬ್ಲೇಡಿಗೂ ಒಂದು ದಪ್ಪವಿದೆ, ಅಷ್ಟು ಇಟ್ಟಿಗೆ ಪುಡಿಯಾಗಿ ಹೋಗುತ್ತದೆ ಎಂಬುದನ್ನೂ ನೆನಪಿಡಬೇಕು. ದಪ್ಪವು 2 ಮಿಲಿಮೀಟರ್ ಆದರೆ, 190ರಲ್ಲಿ 90 ತೆಗೆದ ಮೇಲೆ ಉಳಿಯುವುದು 100 ಅಲ್ಲ, 98. ಬೇಕಾದ ತುಂಡಿನ ಗೆರೆಯನ್ನು ಉಳಿಸಿ, ಬೇಡದ ಬದಿಯಲ್ಲಿಯೇ ಬ್ಲೇಡನ್ನು ಓಡಿಸುವುದು ಕ್ರಮ.

ಮೂರನೆಯದು ನೆನೆಸುವುದು. ಕಟ್ಟುವ ಮುನ್ನ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸುವ ಪದ್ಧತಿಯು ಎಲ್ಲರೂ ಅರಿತದ್ದೇ. ಒಣ ಇಟ್ಟಿಗೆಯು ಗಾರೆಯ ನೀರನ್ನು ಹೀರಿ ಅದನ್ನು ಸತ್ತ್ವಹೀನಗೊಳಿಸುತ್ತದೆ. ಕೊಯ್ಯುವ ಮುನ್ನವೇ ನೆನೆಸಿದರೆ ಧೂಳೂ ತಗ್ಗುತ್ತದೆ.

ನಾಲ್ಕನೆಯದು ಹಿಡಿತ. ಇಟ್ಟಿಗೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು ಕೊಯ್ಯುವ ದೃಶ್ಯವು ಎಲ್ಲೆಡೆಯಲ್ಲಿಯೂ ಕಾಣಸಿಗುತ್ತದೆ. ಬ್ಲೇಡು ಸಂದಿನಲ್ಲಿ ಸಿಕ್ಕಿಕೊಂಡರೆ ಯಂತ್ರವು ಥಟ್ಟನೆ ಹಿಂದಕ್ಕೆ ಎಗರುತ್ತದೆ. ಆಗ ಮೆಟ್ಟಿದ ಪಾದವೇ ಅದಕ್ಕೆ ಎದುರಾಗುತ್ತದೆ. ಒಂದು ದಪ್ಪ ಹಲಗೆಯ ಮೇಲೆ ಎರಡು ರಿಪೀಸುಗಳನ್ನು ಲಂಬಕೋನದಲ್ಲಿ ಸ್ಕ್ರೂ ಹಾಕಿ ಬಿಗಿದು, ಆ ಮೂಲೆಗೆ ಇಟ್ಟಿಗೆಯನ್ನು ಒತ್ತಿಟ್ಟು, ಕ್ಲಾಂಪಿನಿಂದ ಬಿಗಿದರೆ ಎರಡು ಕೈಗಳೂ ಯಂತ್ರಕ್ಕೆ ದೊರೆಯುತ್ತವೆ. ಇನ್ನೊಂದು ರಿಪೀಸನ್ನು ಗೆರೆಗೆ ಸಮಾನಾಂತರವಾಗಿ ಬಿಗಿದರೆ ಕಟರಿನ ಪೀಠವು ಅದಕ್ಕೆ ಆತು ನೇರವಾಗಿ ಸಾಗುತ್ತದೆ. ಒಮ್ಮೆ ಸಿದ್ಧವಾದ ಈ ಚೌಕಟ್ಟು ನೂರು ಇಟ್ಟಿಗೆಗಳನ್ನು ಒಂದೇ ಅಳತೆಗೆ ಕೊಯ್ದುಕೊಡುತ್ತದೆ.

ಐದನೆಯದು ಕೊಯ್ತ. ಯಂತ್ರವು ಪೂರ್ಣ ವೇಗಕ್ಕೆ ಬಂದ ಮೇಲೆಯೇ ಇಟ್ಟಿಗೆಗೆ ತಾಗಿಸಬೇಕು. ಮೊದಲು 3 ಮಿಲಿಮೀಟರಿನಷ್ಟು ಆಳದ ಗೀರು. ಅದೇ ಮುಂದಿನ ಓಟಗಳಿಗೆ ದಾರಿ. ಅನಂತರ ಎರಡು ಮೂರು ಸಲ ಓಡಿಸಿ ಆಳವನ್ನು ಹೆಚ್ಚಿಸಬೇಕು. ಭಾರ ಹಾಕಿ ಒತ್ತಬಾರದು, ಬ್ಲೇಡನ್ನು ತಿರುಚಬಾರದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. 110 ಮಿಲಿಮೀಟರಿನ ಬ್ಲೇಡು ಸುಮಾರು 30 ಮಿಲಿಮೀಟರ್ ಮಾತ್ರ ಇಳಿಯಬಲ್ಲುದು. ಆದುದರಿಂದ ಒಂದು ಮುಖವಾದ ಮೇಲೆ ಇಟ್ಟಿಗೆಯನ್ನು ಮಗುಚಿ ನಾಲ್ಕು ಮುಖಗಳಲ್ಲಿಯೂ ಅಷ್ಟಷ್ಟು ಕೊಯ್ಯಬೇಕು. 90×90ರ ಮೈಯಲ್ಲಿ ಆಗ ನಡುವೆ ಉಳಿಯುವುದು 30×30ರ ತಿರುಳು, ಎಂದರೆ ಒಂಬತ್ತರಲ್ಲಿ ಒಂದು ಪಾಲು. ಗೆರೆಯೊಳಗೆ ಅಗಲ ಉಳಿಯನ್ನಿಟ್ಟು ಒಂದು ಹದವಾದ ಪೆಟ್ಟು ಕೊಟ್ಟರೆ ಅದು ಬೇರ್ಪಡುತ್ತದೆ. ಉಬ್ಬಿದ ತಿರುಳನ್ನು ಇನ್ನೊಂದು ಇಟ್ಟಿಗೆಯ ಚೂರಿನಿಂದ ಉಜ್ಜಿ ಸಮಮಾಡಿ, ಕೊಯ್ದ ಮುಖವು ಸಂದಿನೊಳಗೆ ಅಡಗುವಂತೆಯೂ ಬೆಂಕಿಯಲ್ಲಿ ಬೆಂದ ಮುಖವು ಹೊರಗೆ ಕಾಣುವಂತೆಯೂ ಇಡಬೇಕು.

ಓರೆ ಕೊಯ್ತ

ಶಾಲೆಯ ಅಂಗಳದ ಬೇವಿನ ಮರಕ್ಕೆ ಎಂಟು ಮೂಲೆಯ ಕಟ್ಟೆಯನ್ನು ಕಟ್ಟಿ, ಅದರ ಮೇಲೆ ಒಂದು ವರಸೆ ಇಟ್ಟಿಗೆಯನ್ನು ಹಾಸಬೇಕೆಂದು ಇಟ್ಟುಕೊಳ್ಳಬಹುದು. ಅಷ್ಟಕೋನದ ಒಂದೊಂದು ಮೂಲೆಯೂ 135 ಅಂಶ. ಅಲ್ಲಿ ಕೂಡುವ ಎರಡು ಇಟ್ಟಿಗೆಗಳ ತುದಿಗಳನ್ನು 67.5 ಅಂಶಕ್ಕೆ ಓರೆಯಾಗಿ ಕೊಯ್ಯಬೇಕು. ಕೋನಮಾಪಕವಿಲ್ಲದೆಯೂ ಇದನ್ನು ಸಾಧಿಸಬಹುದು. ಎರಡರ ವರ್ಗಮೂಲದಲ್ಲಿ ಒಂದನ್ನು ಕಳೆದರೆ ಬರುವ 0.4142ರಿಂದ ಇಟ್ಟಿಗೆಯ ಅಗಲವನ್ನು ಗುಣಿಸಿದರೆ, ಒಂದು ಅಂಚಿನಲ್ಲಿ ಎಷ್ಟು ಹಿಂದಕ್ಕೆ ಗುರುತು ಹಾಕಬೇಕೆಂಬುದು ತಿಳಿಯುತ್ತದೆ. 90 ಮಿಲಿಮೀಟರ್ ಅಗಲಕ್ಕೆ ಅದು 37ಕ್ಕಿಂತ ತುಸು ಹೆಚ್ಚು. ಶುಲ್ಬಸೂತ್ರಕಾರರು ಎರಡರ ವರ್ಗಮೂಲಕ್ಕೆ ಕೊಟ್ಟ ಬೆಲೆಯು 577ನ್ನು 408ರಿಂದ ಭಾಗಿಸಿದಷ್ಟು. ಅದು ದಶಮಾಂಶದ ಐದನೆಯ ಸ್ಥಾನದವರೆಗೂ ಸರಿಯಾದುದು. ವೇದಿಯನ್ನು ಅಳೆದ ಸಂಖ್ಯೆಯೇ ಮರದ ಕಟ್ಟೆಯನ್ನೂ ಅಳೆಯುತ್ತದೆ.

ಒಂದು ವರಸೆಗೆ ಹದಿನಾರು ಓರೆ ತುದಿಗಳು. ಒಂದೊಂದರಲ್ಲಿಯೂ ಒಂದೇ ಕಡೆಗೆ ಒಂದು ಅಂಶ ತಪ್ಪಿದರೆ ಕೊನೆಗೆ ಹದಿನಾರು ಅಂಶ ತಪ್ಪಿ, ಕಟ್ಟೆಯ ಬಳಸು ಕೂಡುವುದೇ ಇಲ್ಲ. ಈ ಬಗೆಯ ಓರೆ ಕೊಯ್ತವು ಮೇಲ್ಹಾಸಿಗೆ ಮಾತ್ರ ಸಲ್ಲುವುದು. ಗೋಡೆಯ ಎಲ್ಲ ವರಸೆಗಳಲ್ಲಿಯೂ ಹೀಗೆ ಮಾಡಿದರೆ ಮೂಲೆಯಲ್ಲಿ ಸಂದಿನ ಮೇಲೆ ಸಂದು ಬಂದು, ಮೊದಲು ಹೇಳಿದ ನಿಯಮಕ್ಕೆ ಭಂಗವುಂಟಾಗುತ್ತದೆ.

ಕಾಣದ ಧೂಳು, ಮಾಣದ ರೋಗ

ಇಲ್ಲಿಯವರೆಗೆ ಹೇಳಿದುದೆಲ್ಲ ಇಟ್ಟಿಗೆಯ ಅಳತೆ. ಇನ್ನು ಮನುಷ್ಯನ ಉಸಿರಿನ ಮಾತು. ಇಟ್ಟಿಗೆಯ ಮಣ್ಣಿನಲ್ಲಿ ಬಿಳಿಗಲ್ಲಿನ ಅಂಶವಾದ ಸಿಲಿಕಾ ಇದೆ. ಯಂತ್ರವು ಅದನ್ನು ಎಷ್ಟು ನುಣ್ಣಗೆ ತೇಯುವುದೆಂದರೆ, ಅದರ ಕಣಗಳು ಕಣ್ಣಿಗೆ ಕಾಣದೆ ಶ್ವಾಸಕೋಶದ ತಳವನ್ನು ಮುಟ್ಟಿ ಅಲ್ಲಿಯೇ ನಿಲ್ಲುತ್ತವೆ. ಶ್ವಾಸಕೋಶವು ಮೆಲ್ಲಮೆಲ್ಲನೆ ಗಾಯಗೊಂಡು ಬಿರುಸಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. 1948ರ ಕಾರ್ಖಾನೆಗಳ ಅಧಿನಿಯಮವೇ ಇದನ್ನು ಸರ್ಕಾರಕ್ಕೆ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 1997ರಲ್ಲಿ ಈ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು.

ವಿದ್ಯಾಸಂಸ್ಥೆಯ ಪುಟಗಳಲ್ಲಿ ಈ ಮಾತಿಗೆ ಇನ್ನೊಂದು ಸಂಬಂಧವೂ ಇದೆ. ಮಧ್ಯಪ್ರದೇಶದ ಮಂದಸೌರಿನಲ್ಲಿ ಮಕ್ಕಳ ಸ್ಲೇಟಿಗೆ ಬೇಕಾದ ಕಡ್ಡಿಗಳನ್ನು ವಿದ್ಯುತ್ ಗರಗಸಗಳಿಂದ ಕೊಯ್ಯುತ್ತಿದ್ದ ಕಾರ್ಮಿಕರನ್ನು ಇದೇ ರೋಗವು ಎಳೆಯ ವಯಸ್ಸಿನಲ್ಲಿಯೇ ಬಲಿ ತೆಗೆದುಕೊಂಡಿತು. ಊರೂರ ಶಾಲೆಗಳಲ್ಲಿ ಓಂಕಾರವನ್ನು ಬರೆಯಿಸಿದ ಕಡ್ಡಿಯ ಹಿಂದೆ ಯಾರದೋ ಉಸಿರು ತೇಯ್ದುಹೋಗುತ್ತಿತ್ತು.

ಇದರ ಪರಿಹಾರವು ದುಬಾರಿಯಾದುದಲ್ಲ. ನೀರಿನ ನಳಿಗೆಯನ್ನು ಜೋಡಿಸಿರುವ ಕಟರನ್ನೇ ಆರಿಸಿ, ಕೊಯ್ಯುವ ಜಾಗಕ್ಕೆ ನೀರು ಹನಿಯುತ್ತಿರುವಂತೆ ಮಾಡಿದರೆ ಧೂಳಿನ ಬಹುಪಾಲು ಕೆಸರಾಗಿ ಕೆಳಗಿಳಿಯುತ್ತದೆ. ನೀರಿಗಾಗಿ ರಚಿತವಾಗದ ಯಂತ್ರದ ಮೇಲೆ ನೀರು ಸುರಿಯಬಾರದು. ನೀರು ವಿದ್ಯುತ್ತುಗಳು ಕೂಡುವಲ್ಲಿ 30 ಮಿಲಿ ಆಂಪಿಯರಿಗೆ ಸಂಪರ್ಕ ಕಡಿಯುವ ರಕ್ಷಕ ಸ್ವಿಚ್ಚು ಇರಲೇಬೇಕು. ಮೂಗಿಗೆ ಕಟ್ಟಿದ ವಸ್ತ್ರವು ಈ ಕಣಗಳನ್ನು ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕು ಅವಶ್ಯ. ಕಣ್ಣಿಗೆ ಕನ್ನಡಕ, ಕಿವಿಗೆ ಬಿರಟೆಗಳೂ ಬೇಕು. ಮನೆಯೊಳಗೆ ಕೊಯ್ಯದೆ ಬಯಲಿನಲ್ಲಿ, ಮಕ್ಕಳನ್ನು ದೂರವಿರಿಸಿ ಕೊಯ್ಯಬೇಕು. ಪಂಚೆಯ ಸೆರಗು, ಶಲ್ಯ, ಸಡಿಲ ತೋಳುಗಳು ಯಂತ್ರದ ಬಳಿ ಸಲ್ಲವು. ಶಿವದಾರವನ್ನೂ ಅಂಗಿಯೊಳಗೆ ಭದ್ರವಾಗಿ ಇಟ್ಟುಕೊಳ್ಳಬೇಕು. ಬ್ಲೇಡು ಬದಲಿಸುವಾಗ ಪ್ಲಗ್ಗನ್ನು ಕಿತ್ತಿಡಬೇಕು. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸದೆ ನೀರು ಚಿಮುಕಿಸಿ ಬಳಿಯಬೇಕು.

ಉಪಸಂಹಾರ

ಹನ್ನೆರಡನೆಯ ಶತಮಾನದ ಶರಣರು ಕೈಕೆಲಸವನ್ನು ಕೀಳೆಂದು ಎಣಿಸಲಿಲ್ಲ. ಕುಂಬಾರ ಗುಂಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿಯೇ ಅವರವರ ಕಾಯಕವು ಬೆಸೆದುಕೊಂಡಿದೆ. ಮಣ್ಣನ್ನು ಹದಗೊಳಿಸಿದ ಗುಂಡಯ್ಯನ ಕಥೆಯನ್ನು ಹರಿಹರನು ರಗಳೆಯಾಗಿ ಹಾಡಿದನು. ಕಾಯಕವು ಪೂಜೆಗೆ ಸಮಾನವೆಂದ ಮೇಲೆ, ಅಳತೆಯ ಶುದ್ಧಿಯು ಆ ಪೂಜೆಯ ಮಡಿ. ಗಣಿತದ ಅಧ್ಯಾಪಕರು ಮೂಲೆಮಟ್ಟವನ್ನೂ ಒಂದು ಇಟ್ಟಿಗೆಯನ್ನೂ ತರಗತಿಗೆ ತಂದು ಗೆರೆ ಎಳೆಯಿಸಿದರೆ, ಲಂಬಕೋನವೆಂಬುದು ಪುಸ್ತಕದಿಂದ ಇಳಿದು ಮಕ್ಕಳ ಕೈಗೆ ಬರುತ್ತದೆ. ಯಂತ್ರವು ಮಾತ್ರ ಬಲಿತವರ ಕೈಯಲ್ಲಿಯೇ ಇರತಕ್ಕದ್ದು.

ಮಠಗಳ ವಿದ್ಯಾಲಯಗಳು ಭಕ್ತರ ಕೊಡುಗೆಯಿಂದ ಎದ್ದು ನಿಂತವು. ಕೊಠಡಿಯೊಂದನ್ನು ಕಟ್ಟಿಸಿಕೊಡುವ ಮಹನೀಯರ ಹೆಸರು ಗೋಡೆಯ ಶಿಲಾಫಲಕದಲ್ಲಿ ಉಳಿಯುತ್ತದೆ. ಆ ಗೋಡೆಗೆ ಇಟ್ಟಿಗೆ ಕೊಯ್ದವನ ಹೆಸರು ಉಳಿಯುವುದಿಲ್ಲ. ಅವನ ಉಸಿರಾದರೂ ಉಳಿಯಬೇಕು. ಕಟ್ಟಡದ ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣ, ಮರಳುಗಳ ಸಾಲಿನೊಡನೆ ನೀರಿನ ಕಟರು, ಮಾಸ್ಕು, ಕನ್ನಡಕಗಳ ಒಂದು ಸಾಲನ್ನೂ ದಾನಿಗಳು ಕೇಳಿ ಬರೆಯಿಸಿದರೆ, ದಾಸೋಹವು ಅನ್ನದ ಪಂಕ್ತಿಯನ್ನು ದಾಟಿ ಕಾಯಕ ಮಾಡುವವನ ಎದೆಗೂಡನ್ನು ಮುಟ್ಟುತ್ತದೆ. ಅಂಥ ಗೋಡೆಗಳ ನಡುವೆ ಕಲಿತ ಮಕ್ಕಳ ವಿದ್ಯೆಯು ಸಾರ್ಥಕವಾಗುವುದರಲ್ಲಿ ಸಂದೇಹವಿಲ್ಲ.